ಕಬ್ಬಿಣ ತಿನ್ನುವ ಸಿಲವಾರ

ಹೋದ ವರ್ಷ ಕಡಲೆಕಾಯಿ ಬಿಡಿಸಿ ಮೂಟೆ ಕಟ್ಟಿದ ಮೇಲೆ, ಒಂದು ಮಧ್ಯಾಹ್ನ ನಮ್ಮ ಬೀದಿಯ ಹುಡುಗನೊಬ್ಬ ಅವರ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಇದ್ದಿಲು ಉರಿಸುತ್ತಾ ಕೂತಿದ್ದ. ಒಲೆಗೆ ಗಾಳಿ ಊದೋಕೆ ಯಾವುದೋ ಹಳೇ ಬ್ಲೋವರ್ ಕಟ್ಟಿಕೊಂಡಿದ್ದ. ಮೇಲೆ ಕಬ್ಬಿಣದ ಬಾಂಡ್ಲಿ. ಬಾಂಡ್ಲಿಯೊಳಗೆ ಕುಕ್ಕರಿನ ಮುಚ್ಚಳ, ಕರೆಂಟ್ ತಂತಿ, ಮುಂಚೆ ನಾವು ಹೊಲಕ್ಕೆ ಎಳೆಯುತ್ತಿದ್ದ ಸ್ಪ್ರಿಂಕ್ಲರ್ ಪೈಪಿನ ತುಂಡು. ಎಲ್ಲಾ ಸಿಲವಾರವೇ. ಅಲ್ಯೂಮಿನಿಯಂ ಅನ್ನೋಕೆ ನಮ್ಮ ಹೆಂಗಸರ ನಾಲಿಗೆ ಹೊರಳದೆ ಸಿಲ್ವರ್ ಅಂದು, ಅದೂ ಹೊರಳದೆ ಸಿಲವಾರ ಆಗಿದೆ. ಕಲ್ಯಾಣದುರ್ಗದ ಸಂತೆಯಲ್ಲಿ ಕನ್ನಡದವರೂ ತೆಲುಗಿನವರೂ ಇದೊಂದು ಮಾತನ್ನು ಹಂಚಿಕೊಂಡಿದ್ದೇವೆ.

“ಏನಪ್ಪಾ ಇದು?” ಅಂದೆ.

“ಬಸವಣ್ಣನ ಎರಕ ಹೊಯ್ತೀನಿ ತಾತ. ಫೋನಲ್ಲಿ ನೋಡ್ದೆ.”

“ಬಾಂಡ್ಲಿ ತಡೀತೈತಾ?”

“ತಡೀದೆ ಏನು? ಸಿಲವಾರ ಕರಗೋಕೆ 660 ಡಿಗ್ರಿ ಸಾಕು. ಕಬ್ಬಿಣ ಕರಗಬೇಕಾದ್ರೆ 1538 ಡಿಗ್ರಿ ಆಗ್ಬೇಕು. ಅಷ್ಟು ಬಿಸಿ ಈ ಒಲೇಲಿ ಎಲ್ಲಿಂದ ಬತ್ತೈತೆ ತಾತ?”

ಹುಡುಗ ಹೇಳಿದ ಲೆಕ್ಕ ಸರಿ. ಆದರೆ ಆ ಲೆಕ್ಕದಲ್ಲಿ ಇಲ್ಲದ್ದು ಒಂದಿದೆ. ಅದನ್ನು ನಾನು ಏಳನೇ ಕ್ಲಾಸು ಓದಿದವನು ಹಿಂದೂಪುರದ ಒಂದು ಶೆಡ್ಡಿನಲ್ಲಿ ಕಲಿತೆ, ಕಲಿತಿದ್ದಕ್ಕೆ ಬೆಲೆಯನ್ನು ಬೇರೆಯವನ ಕೈಲಿ ಕೊಡಿಸಿದೆ. ನಮ್ಮ ವಾಚನಾಲಯದವರು “ನೀವು ಪದ ಹೇಳೋದು ಇದ್ದೇ ಇದೆ, ಈ ಸಲ ಪುಸ್ತಕಕ್ಕೆ ಬೇರೇನಾದರೂ ಬರೀರಿ” ಅಂದಾಗ ನನಗೆ ಮೊದಲು ನೆನಪಾದದ್ದು ಆ ಹಿತ್ತಿಲ ಬಾಂಡ್ಲಿ. ಅದರ ಹಿಂದೆಯೇ ಆ ಶೆಡ್ಡು.

1985. ಮಳೆ ಇಲ್ಲ. ನಮ್ಮ ಅನಂತಪುರ ಸೀಮೆಗೆ ಒಳ್ಳೇ ವರ್ಷದಲ್ಲೂ ಬೀಳೋದು 55 ಸೆಂಟಿಮೀಟರ್ ಆಸುಪಾಸು. ಅದೂ ತಪ್ಪಿದರೆ ಕಡಲೆಕಾಯಿ ಗಿಡ ಹೂವು ಬಿಟ್ಟು ಊಡು ಇಳಿಸುವಷ್ಟರಲ್ಲಿ ನೆಲ ಕಲ್ಲಾಗಿರುತ್ತದೆ. ಆ ವರ್ಷ ಬಿತ್ತಿದ್ದು ಬೀಜಕ್ಕೂ ಬರಲಿಲ್ಲ. ನಾನೂ ನಮ್ಮ ದೊಡ್ಡಪ್ಪನ ಮಗ ಅಣ್ಣಯ್ಯನೂ ಬಟ್ಟೆ ಗಂಟು ಕಟ್ಟಿಕೊಂಡು ಹಿಂದೂಪುರಕ್ಕೆ ಹೋದೆವು. ನನಗೆ ಆಗ ಇಪ್ಪತ್ತೈದು ದಾಟಿತ್ತು, ಅವನಿಗೆ ಮೂವತ್ತು. ಊರಲ್ಲಿ ಇಬ್ಬರೂ ಒಂದೇ ಭಜನೆ ತಂಡ. ನಾನು ಪದ ಎತ್ತಿದರೆ ಅವನು ತಾಳ ಹಿಡಿದು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತಿದ್ದ. ನಿಜ ಹೇಳಬೇಕೆಂದರೆ ಜನ ಕೂರುತ್ತಿದ್ದದ್ದು ನನ್ನ ದನಿಗಲ್ಲ, ಅವನ ಹೆಜ್ಜೆಗೆ.

ಊರಾಚೆ ಒಂದು ತಗಡಿನ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ದಿನಕ್ಕೆ 12 ರೂಪಾಯಿ, ಶನಿವಾರ ಬಟವಾಡೆ. ಗುಜರಿ ಸಿಲವಾರ ಬರುತ್ತಿತ್ತು: ತೂತಾದ ಬೋಸಿ, ಚಪ್ಪಟೆಯಾದ ಬಿಂದಿಗೆ, ಲಾರಿ ಪಿಸ್ಟನ್ನು, ತಂತಿ. ಅದನ್ನು ಕರಗಿಸಿ, ಕಿಟ್ಟ ತೆಗೆದು, ಅಚ್ಚಿಗೆ ಹೊಯ್ದು ಗಟ್ಟಿ ಮಾಡಿ ಕಳಿಸುವುದು. ಮರಳಿನ ಅಚ್ಚಲ್ಲಿ ಹಿಡಿಕೆ, ಪಂಪಿನ ಮುಚ್ಚಳ ಇಂಥವನ್ನೂ ಹೊಯ್ಯುತ್ತಿದ್ದರು. ಏಳು ಜನ ಆಳು, ಒಬ್ಬ ಮೇಸ್ತ್ರಿ. ಮೇಸ್ತ್ರಿ ಸಾಬರು ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ವಾಕ್ಯದಲ್ಲಿ ಕರಗಿಸುತ್ತಿದ್ದರು.

ಕರಗಿಸುವ ಮೂಸೆ ಬೀಡು ಕಬ್ಬಿಣದ್ದು, ದೊಡ್ಡ ಗುಡಾಣದಷ್ಟು. ಇಟ್ಟಿಗೆ ಒಲೆಯ ಮೇಲೆ ಕೂರಿಸಿ ಕೆಳಗೆ ಕೋಕು ಉರಿಸುವುದು. ಒಲೆಯ ಬುಡದಲ್ಲಿ ಬೂದಿ ಎಳೆಯೋಕೆ ಒಂದು ಕಂಡಿ. ಮೊದಲ ದಿನವೇ ನಾನು ಕೇಳಿದ್ದು ಈ ಹುಡುಗ ಹೇಳಿದ ಮಾತನ್ನೇ. ಡಿಗ್ರಿ ಗಿಗ್ರಿ ನನಗೆ ಗೊತ್ತಿರಲಿಲ್ಲ. “ಸಾಬರೇ, ಕಮ್ಮಾರನ ಕುಲುಮೇಲೇ ಕಬ್ಬಿಣ ಕರಗಲ್ಲ, ಕೆಂಪಗೆ ಕಾಯ್ತದೆ ಅಷ್ಟೆ. ಈ ಮೂಸೆಗೆ ದಿನಾ ಯಾಕೆ ಸುಣ್ಣ ಬಳೀಬೇಕು?”

ಅವರು ಟೀ ಗ್ಲಾಸು ಕೆಳಗಿಟ್ಟು, “ಹಿಂದೂಪುರದ ಬೆಲ್ಲ ನೋಡಿದ್ದೀಯಾ?” ಅಂದರು.

“ನೋಡಿದ್ದೀನಿ.”

“ಬೆಲ್ಲ ಕರಗಬೇಕಾದ್ರೆ ಒಲೆ ಮೇಲೆ ಇಡ್ತೀಯಾ, ನೀರಿಗೆ ಹಾಕ್ತೀಯಾ?”

ಅಷ್ಟೇ ಹೇಳಿದ್ದು. ನನಗೆ ಅವತ್ತೇ ಅರ್ಥ ಆಯ್ತು. ಬೆಲ್ಲವನ್ನು ಬರೀ ಬೆಂಕಿಯಲ್ಲಿ ಕರಗಿಸಬೇಕಾದರೆ ಒಳ್ಳೇ ಉರಿ ಬೇಕು. ನೀರಿಗೆ ಹಾಕಿದರೆ ಉರಿಯೇ ಬೇಡ, ನೀರೇ ಅದನ್ನು ಬಿಡಿಸಿಕೊಂಡು ಒಳಗೆ ಎಳೆದುಕೊಳ್ಳುತ್ತದೆ. ಕರಗಿದ ಸಿಲವಾರಕ್ಕೆ ಕಬ್ಬಿಣ ಅಂದರೆ ಹಾಗೆ, ನೀರಿಗೆ ಬೆಲ್ಲ ಇದ್ದಂತೆ. ಕಬ್ಬಿಣ ಕರಗುವ ಉರಿಗೆ ಕಾಯಬೇಕಿಲ್ಲ, ತಾನೇ ತಿನ್ನುತ್ತದೆ. ಉರಿ ಹೆಚ್ಚಿದಷ್ಟೂ ಬೇಗ ತಿನ್ನುತ್ತದೆ, ಕಲಕಿದಷ್ಟೂ ಬೇಗ, ಹೆಚ್ಚು ಹೊತ್ತು ಬಿಟ್ಟಷ್ಟೂ ಆಳಕ್ಕೆ.

ಆದರೆ ಬೆಲ್ಲದ ಹೋಲಿಕೆ ಅರ್ಧ ದಾರಿವರೆಗೆ ಮಾತ್ರ. ಮುಂದಿನದನ್ನು ನನಗೆ ತುಂಬಾ ವರ್ಷ ಆದ ಮೇಲೆ ನಮ್ಮ ವಾಚನಾಲಯಕ್ಕೆ ಬರುವ ನಿವೃತ್ತ ವಿಜ್ಞಾನದ ಮೇಷ್ಟ್ರು ಹೇಳಿದರು. ಕಬ್ಬಿಣವೂ ಅಲ್ಯೂಮಿನಿಯಂ ಕೂಡಾ ತಾಗಿದ ಕಡೆ ಎರಡೂ ಸೇರಿ ಮೂರನೆಯ ಒಂದು ವಸ್ತು ಆಗುತ್ತದಂತೆ. ಅದು ಎರಡಕ್ಕಿಂತಲೂ ಗಡಸು, ಆದರೆ ಹಪ್ಪಳದ ಹಾಗೆ ಪೆಳುಸು. ಮೂಸೆಯ ಒಳಮೈಗೆ ಅದು ಹಕ್ಕಳೆಯಾಗಿ ಕಟ್ಟುತ್ತದೆ. ಕಾದು ಆರಿ, ಕಾದು ಆರಿ, ಬಿರುಕು ಬಿಟ್ಟು ಉದುರುತ್ತದೆ. ಉದುರಿದ ಕಡೆ ಹೊಸ ಕಬ್ಬಿಣ ಬಾಯ್ತೆರೆಯುತ್ತದೆ. ಮತ್ತೆ ಅದನ್ನು ತಿನ್ನುತ್ತದೆ. ಗಾಯದ ಹಕ್ಕಳೆ ಕಿತ್ತರೆ ಮತ್ತೆ ರಕ್ತ ಬರುವ ಹಾಗೆ ಅಂದುಕೊಳ್ಳಿ. ನಾನು ಶೆಡ್ಡಿನಲ್ಲಿ ದಿನಾ ಕಿಟ್ಟದ ಜೊತೆಗೆ ತೆಗೆದು ಎಸೆಯುತ್ತಿದ್ದ ಬೂದುಬಣ್ಣದ ಚಕ್ಕೆಗಳು ಮೂಸೆಯವೇ ಅಂತ ಆವಾಗ ನನಗೆ ಗೊತ್ತಿರಲಿಲ್ಲ.

ತಿಂದ ಕಬ್ಬಿಣ ಎಲ್ಲಿಗೂ ಹೋಗುವುದಿಲ್ಲ, ಸಿಲವಾರದೊಳಗೇ ಇರುತ್ತದೆ. ಅದರಿಂದ ಎರಡು ಕಡೆ ನಷ್ಟ. ಮೂಸೆಯೂ ಸವೆಯಿತು, ಮಾಲೂ ಕೆಟ್ಟಿತು. ಒಳಗೆ ಸೇರಿದ ಕಬ್ಬಿಣ ಆರುವಾಗ ಸೂಜಿ ಸೂಜಿಯಾಗಿ ಕಟ್ಟಿಕೊಂಡು, ಹೊಯ್ದ ಸಾಮಾನು ಬಗ್ಗುವ ಬದಲು ಮುರಿಯುತ್ತದೆ. ಒಮ್ಮೆ ಸೇರಿದ್ದನ್ನು ತೆಗೆಯುವುದು ಸುಲಭ ಅಲ್ಲ. ಹಾಲಿಗೆ ಬಿದ್ದ ಉಪ್ಪಿನಂತೆ.

ಅದಕ್ಕೇ ಸುಣ್ಣ. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಮೂಸೆಯ ಒಳಗನ್ನು ಕೆರೆದು, ಸೀಮೆಸುಣ್ಣದ ಪುಡಿಗೆ ವಾಟರ್ ಗ್ಲಾಸ್ ಅನ್ನೋ ಅಂಟು ಸೇರಿಸಿ, ದೋಸೆ ಹಿಟ್ಟಿಗಿಂತ ತೆಳ್ಳಗೆ ಕಲಸಿ, ಕುಂಚದಲ್ಲಿ ಬಳಿಯುವುದು. ಸೌಟಿಗೂ ಬಳಿಯುವುದು, ಕಲಕುವ ಕಂಬಿಗೂ ಬಳಿಯುವುದು. ಆಮೇಲೆ ಸಣ್ಣ ಉರಿಯಲ್ಲಿ ಪೂರ್ತಿ ಒಣಗಿಸುವುದು. ಸಿಲವಾರ ಕಬ್ಬಿಣವನ್ನು ಮುಟ್ಟದ ಹಾಗೆ ನಡುವೆ ಒಂದು ತೆರೆ ಹಿಡಿದಂತೆ. ಗೊಂಬೆಯಾಟದಲ್ಲಿ ತೆರೆ ಹರಿದರೆ ಆಟ ಕೆಟ್ಟಿತು. ಇಲ್ಲೂ ಅಷ್ಟೆ. ಸಂಜೆಗೆ ಮೂಸೆಯಲ್ಲಿ ಮಾಲು ಉಳಿಸಬಾರದು, ತಂತಿ ಕರಗಿಸುವ ದಿನ ಉರಿ ಹದ್ದುಬಸ್ತಲ್ಲಿ ಇರಬೇಕು. ತಂತಿ ಅಂದರೆ ಶುದ್ಧ ಸಿಲವಾರ, ಹಸಿವು ಜಾಸ್ತಿ. ಪಿಸ್ಟನ್ನಿನಲ್ಲಿ ಸಿಲಿಕಾನ್ ಬೆರೆತಿರುತ್ತದೆ, ಅದು ಅಷ್ಟು ಬೇಗ ಕಬ್ಬಿಣಕ್ಕೆ ಬಾಯಿ ಹಾಕುವುದಿಲ್ಲ.

ಇನ್ನೊಂದು ಪದ್ಧತಿ ಇತ್ತು. ಅದು ನನಗೆ ಬಹಳ ಹಿಡಿಸಿತ್ತು. ಮೂಸೆ ಖಾಲಿ ಇದ್ದಾಗ ಸಾಬರು ಕಂಬಿಯ ತುದಿಯಿಂದ ಅದರ ಸುತ್ತಾ ಬಡಿದು ಕೇಳುತ್ತಿದ್ದರು. ಸಂತೆಯಲ್ಲಿ ಹೆಂಗಸರು ಗಡಿಗೆ ಕೊಳ್ಳುವಾಗ ಬೆರಳಲ್ಲಿ ಬಡಿದು ನೋಡುವುದಿಲ್ಲವೇ, ಹಾಗೆ. ಹೊಸ ಮೂಸೆ ಗುಡಿಯ ಗಂಟೆಯಂತೆ ಖಣ್ ಅಂದು ಒಂದಿಷ್ಟು ಹೊತ್ತು ನಿಲ್ಲುತ್ತದೆ. ಸವೆದಂತೆಲ್ಲಾ ದನಿ ಇಳಿಯುತ್ತದೆ. ಬಿರುಕು ಬಿಟ್ಟಿತೋ, ದನಿ ನಿಲ್ಲುವುದೇ ಇಲ್ಲ, ಒದ್ದೆ ದಮ್ಮಡಿ ಬಡಿದಂತೆ ಬೊದ್ ಅಂದು ಅಲ್ಲೇ ಸಾಯುತ್ತದೆ. ನಾನು ಪದ ಹೇಳುವವನು ಅಂತ ತಿಳಿದ ಮೇಲೆ ಸಾಬರು ಆ ಕೆಲಸವನ್ನು ನನಗೇ ಒಪ್ಪಿಸಿದರು. “ನಿನ್ನ ಕಿವಿ ನನ್ನ ಕಿವಿಗಿಂತ ಚೆನ್ನಾಗೈತೆ ಪದದವನೇ, ಬೆಳಿಗ್ಗೆ ನೀನೇ ಕೇಳು, ನೀನೇ ಸುಣ್ಣ ಬಳಿ.” ನನಗೆ ಹೆಮ್ಮೆ.

ಕಾರ್ತಿಕ ಮಾಸ. ಸೋಮವಾರ ರಾತ್ರಿ ಪಕ್ಕದ ಹಳ್ಳಿಯಲ್ಲಿ ಭಜನೆಗೆ ಕರೆದರು. ನಮ್ಮ ಭಾಷೆಯ ಜನ, ನಮ್ಮೂರ ಪದ ಕೇಳಿ ಬಿಡಲೇ ಇಲ್ಲ. ಅಣ್ಣಯ್ಯನ ಗೆಜ್ಜೆ ಬೆಳಗಿನ ಕೋಳಿ ಕೂಗುವವರೆಗೆ ನಿಲ್ಲಲಿಲ್ಲ. ಕೊರಳು ಕಟ್ಟಿ, ಕಣ್ಣು ಕೆಂಪಾಗಿ, ಇಬ್ಬರೂ ನೇರ ಶೆಡ್ಡಿಗೆ ಬಂದೆವು.

ತಡವಾಗಿತ್ತು. ಮೂಸೆ ಕೆರೆದೆ ಅನ್ನೋ ಶಾಸ್ತ್ರ ಮಾಡಿದೆ. ಸುಣ್ಣ ಕಲಸಿದ್ದು ಸಾಲದೆ ಬಂತು. ಮತ್ತೆ ಕಲಸಿ ಒಣಗಿಸುತ್ತಾ ಕೂತರೆ ಇನ್ನೊಂದು ತಾಸು. ಕಣ್ಣಿಗೆ ಕಾಣುವ ಮೇಲ್ಭಾಗಕ್ಕೆ ಬಳಿದೆ, ತಳದ ಹಿಂಬದಿಗೆ ಕುಂಚ ಆಡಿಸಿದಂತೆ ಮಾಡಿ ಎದ್ದೆ. ಎದ್ದವನು ಅಭ್ಯಾಸಬಲದಿಂದ ಕಂಬಿಯಲ್ಲಿ ಬಡಿದೆ. ಮೂರು ಕಡೆ ಸರಿಯಾಗಿತ್ತು. ನಾಲ್ಕನೇ ಕಡೆ ಬೊದ್ ಅಂದಿತು.

ಇನ್ನೊಂದು ಸಲ ಬಡಿಯಲಿಲ್ಲ. ಬಡಿದರೆ ಖಾತ್ರಿ ಆಗಿಬಿಡುತ್ತಿತ್ತು.

ಅವತ್ತು ನಾನು ಹೇಳಿದ್ದರೆ ಮೂಸೆ ಇಳಿಸಬೇಕಿತ್ತು. ಹೊಸದು ತಂದು ಕೂರಿಸುವವರೆಗೆ ಒಂದೆರಡು ದಿನ ಒಲೆ ಇಲ್ಲ, ಒಲೆ ಇಲ್ಲದಿದ್ದರೆ ಏಳು ಜನಕ್ಕೂ ಕೂಲಿ ಇಲ್ಲ. ಸುಣ್ಣ ಯಾಕೆ ಬಳಿದಿಲ್ಲ ಅನ್ನೋದೂ ಹೊರಬೀಳುತ್ತಿತ್ತು. ಇವೆಲ್ಲಾ ಆಮೇಲೆ ಕೂತು ಕಟ್ಟಿದ ಕಾರಣಗಳೇನೋ. ಆ ಗಳಿಗೆಯಲ್ಲಿ ನನಗೆ ಇದ್ದದ್ದು ನಿದ್ದೆ, ಭಯ. “ಸರಿಯಾಗೈತಾ?” ಅಂತ ಸಾಬರು ದೂರದಿಂದಲೇ ಕೇಳಿದರು. ತಲೆ ಆಡಿಸಿದೆ.

ಊಟದ ಹೊತ್ತು ಕಳೆದ ಮೇಲೆ, ಮೂಸೆ ತುಂಬಾ ತಂತಿ ಕರಗಿ ಕನ್ನಡಿಯಂತೆ ನಿಂತಿದ್ದಾಗ, ತಳದ ಹಿಂಬದಿ ಒಡೆಯಿತು. ಸದ್ದೇ ಆಗಲಿಲ್ಲ. ಮೇಲಿನ ಕನ್ನಡಿ ಸುಮ್ಮನೆ ಕೆಳಗಿಳಿಯತೊಡಗಿತು, ಯಾರೋ ಕೆಳಗಿಂದ ಕುಡಿಯುತ್ತಿರುವಂತೆ. ಮಾಲು ಕೋಕಿನ ನಡುವೆ ಹರಿದು ಬೂದಿ ಕಂಡಿಯಿಂದ ಹೊರಗೆ ಬಂತು. ಅಲ್ಲಿ ನೆಲದ ಮೇಲೆ ಅಚ್ಚಿನ ಮರಳಿಗೆ ಚಿಮುಕಿಸಿ ಉಳಿದ ನೀರು ನಿಂತಿತ್ತು.

ನೀರಿನ ಮೇಲೆ ಕರಗಿದ ಲೋಹ ಬಿದ್ದರೆ ಏನಾಗುತ್ತದೆ ಅಂತ ನೋಡದವರಿಗೆ ಹೇಳುವುದು ಕಷ್ಟ. ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಅನ್ನಬಹುದು, ಆದರೆ ಅದಕ್ಕೆ ನೂರು ಪಾಲು. ಲೋಹದ ಅಡಿಗೆ ಸಿಕ್ಕ ನೀರು ಒಂದೇ ಏಟಿಗೆ ಆವಿಯಾಗಿ ಸಾವಿರ ಪಟ್ಟಿಗಿಂತ ಹೆಚ್ಚು ಹಿಗ್ಗುತ್ತದೆ. ಹಿಗ್ಗೋಕೆ ಜಾಗ ಇಲ್ಲದೆ ಮೇಲಿನ ಬೆಂಕಿಯನ್ನೇ ಎತ್ತಿ ಎಸೆಯುತ್ತದೆ. ಅಣ್ಣಯ್ಯ ಕಂಡಿಯ ಮುಂದೆ ಬೂದಿ ಎಳೆಯುತ್ತಾ ನಿಂತಿದ್ದ, ಟೈರಿನ ಚಪ್ಪಲಿಯಲ್ಲಿ.

ಮೂರು ತಿಂಗಳು ಆಸ್ಪತ್ರೆ. ಎರಡು ಬೆರಳು ಹೋದವು, ಬಲಗಾಲಿನ ಹಿಮ್ಮಡಿ ತಿರುಗಿತು. ನಡೆಯುತ್ತಾನೆ. ಗೆಜ್ಜೆ ಕಟ್ಟಲಿಲ್ಲ. ಆಮೇಲೆ ಎಲ್ಲಾ ಭಜನೆಯಲ್ಲೂ ಕೂತೇ ತಾಳ ಹಾಕಿದ. ಶೆಡ್ಡಿನ ಯಜಮಾನರು ಒಂದಿಷ್ಟು ದುಡ್ಡು ಕೊಟ್ಟರು, ಹಳೇ ಮೂಸೆ, ಅದರ ಆಯಸ್ಸು ಮುಗಿದಿತ್ತು ಅಂದರು. ಸಾಬರು ಒಡೆದ ಮೂಸೆಯನ್ನು ಮಗುಚಿ ತೂತನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದರು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ನಾನು ಆ ವಾರವೇ ಕೆಲಸ ಬಿಟ್ಟೆ.

ಬಿಟ್ಟ ಮೇಲೂ ಆ ಸಿಲವಾರ ನನ್ನನ್ನು ಬಿಡಲಿಲ್ಲ. ಎಲ್ಲಿ ಅದರ ಸುದ್ದಿ ಬಂದರೂ ಕಿವಿ ಅಲ್ಲಿಗೆ ಹೋಗುತ್ತಿತ್ತು. ಒಡಿಶಾದ ಅಂಗುಲ್‌ನಲ್ಲಿ ನಾಲ್ಕೊದವರು ವಿದ್ಯುತ್ ಹಾಯಿಸಿ ಅಲ್ಯೂಮಿನಿಯಂ ತೆಗೆಯುವ ತೊಟ್ಟಿಗಳು ಹೊರಗೆ ಉಕ್ಕಿನವು, ಆದರೆ ಒಳಗೆ ದಪ್ಪಗೆ ಇಂಗಾಲದ ಗೋಡೆ ಕಟ್ಟಿರುತ್ತಾರಂತೆ. ಅಂದರೆ ಅಷ್ಟು ದೊಡ್ಡವರೂ ಕಬ್ಬಿಣವನ್ನು ಬರಿಮೈಯಲ್ಲಿ ಒಳಗೆ ಬಿಡುವುದಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ಇನ್ನೊಂದು ಹೇಳಿದ. ಉಕ್ಕಿನ ಅಚ್ಚಿಗೆ ಒತ್ತಡದಲ್ಲಿ ಸಿಲವಾರ ನುಗ್ಗಿಸಿ ಗಾಡಿಯ ಭಾಗಗಳನ್ನು ಹೊಯ್ಯುವಾಗ ಮಾಲು ಅಚ್ಚಿಗೇ ಅಂಟಿಕೊಂಡು ಅದನ್ನು ಕಚ್ಚುತ್ತದೆ. ಅದಕ್ಕೆ ಮಾಲಿನಲ್ಲಿ ಬೇಕಂತಲೇ ನೂರಕ್ಕೆ ಒಂದು ಪಾಲಿನಷ್ಟು ಕಬ್ಬಿಣ ಮೊದಲೇ ಇರಗೊಡುತ್ತಾರಂತೆ. ಮನೆಯಲ್ಲಿ ಉಂಡು ಬಂದವನು ಮದುವೆ ಮನೆಯಲ್ಲಿ ಎಲೆ ಮೇಲೆ ಬೀಳುವುದಿಲ್ಲ, ಆ ಲೆಕ್ಕ. ಮಾಲು ಕೆಡಿಸುವ ಕಬ್ಬಿಣವೇ ಅಚ್ಚನ್ನು ಉಳಿಸುತ್ತದೆ. ಎಷ್ಟು ಇರಬೇಕು ಅನ್ನೋದೇ ಅವರ ವಿದ್ಯೆ.

ಈ ತಿನ್ನುವ ಗುಣವನ್ನು ಪಳಗಿಸಿದವರೂ ಇದ್ದಾರೆ. ಉಕ್ಕಿನ ತಗಡನ್ನು ಕರಗಿದ ಅಲ್ಯೂಮಿನಿಯಂನಲ್ಲಿ ಒಂದು ಗಳಿಗೆ ಅದ್ದಿ ತೆಗೆದರೆ ತೆಳ್ಳಗೆ ಕಚ್ಚಿ ಹಿಡಿದು ಹೊದಿಕೆಯಾಗುತ್ತದೆ, ವಾಹನದ ಸೈಲೆನ್ಸರಿಗೆ ಅಂಥ ತಗಡು ಬಳಸುತ್ತಾರೆ, ಬೇಗ ತುಕ್ಕು ಹಿಡಿಯದು. ರೈಲಿನವರದ್ದು ಇನ್ನೂ ಸೋಜಿಗ. ಹಳಿಗೆ ಹಳಿ ಬೆಸೆಯುವಾಗ ಅಲ್ಯೂಮಿನಿಯಂ ಪುಡಿಯನ್ನೂ ಕಬ್ಬಿಣದ ತುಕ್ಕಿನಂಥ ಪುಡಿಯನ್ನೂ ಬೆರೆಸಿ ಹೊತ್ತಿಸುತ್ತಾರೆ. ತುಕ್ಕಿನೊಳಗಿನ ಆಮ್ಲಜನಕವನ್ನು ಅಲ್ಯೂಮಿನಿಯಂ ಕಿತ್ತುಕೊಂಡು 2000 ಡಿಗ್ರಿ ದಾಟಿ ಉರಿಯುತ್ತದೆ, ಕಬ್ಬಿಣ ಕರಗಿ ನೀರಾಗಿ ಹಳಿಯ ಸಂದಿಗೆ ಇಳಿಯುತ್ತದೆ. ಜರ್ಮನಿಯ ಹಾನ್ಸ್ ಗೋಲ್ಡ್‌ಶ್ಮಿಟ್ ಅನ್ನುವವರು ಕಂಡುಕೊಂಡು 1895ರಲ್ಲಿ ಪೇಟೆಂಟ್ ಮಾಡಿಸಿದ್ದಂತೆ. ತುಕ್ಕು ಹಿಡಿದ ಸೌಟನ್ನು ಮೂಸೆಗೆ ಇಳಿಸಿದರೆ ಸಾಬರು ಯಾಕೆ ಬೈಯುತ್ತಿದ್ದರು ಅಂತ ಇದನ್ನು ತಿಳಿದ ಮೇಲೆ ಹೊಳೆಯಿತು. ದೆಹಲಿಯಲ್ಲಿ ಸಾವಿರದ ಆರುನೂರು ವರ್ಷದಿಂದ ಮಳೆಗೆ ಬಿಸಿಲಿಗೆ ಜಗ್ಗದ ಕಬ್ಬಿಣದ ಕಂಬ ಇದೆಯಲ್ಲ, ಅದನ್ನೂ ಕರಗಿದ ಸಿಲವಾರದಲ್ಲಿ ನಿಲ್ಲಿಸಿದರೆ ಉಳಿಯುವುದಿಲ್ಲ. ಯಾರು ನಿಲ್ಲಿಸುತ್ತಾರೆ, ಆ ಮಾತು ಬೇರೆ.

ಹಿತ್ತಿಲ ಹುಡುಗನಿಗೆ ನಾನು ಇದನ್ನೆಲ್ಲಾ ಹೇಳಿದೆ. ಒಂದು ಸಲಕ್ಕೆ ನಿನ್ನ ಬಾಂಡ್ಲಿಗೆ ಏನೂ ಆಗೋದಿಲ್ಲ, ಅದೇ ಮೋಸ, ಎರಡನೇ ಸಲಕ್ಕೂ ಆಗದೇ ಇರಬಹುದು, ತಿನ್ನೋದು ಒಳಗಿಂದ, ಹೊರಗೆ ನಿನಗೆ ಕಾಣೋದಿಲ್ಲ ಅಂದೆ. ಜೇಡಿಯೂ ಗ್ರಾಫೈಟೂ ಬೆರೆಸಿ ಮಾಡಿದ ಮೂಸೆ ಪೇಟೆಯಲ್ಲಿ ಸಿಗುತ್ತದೆ, ಅದನ್ನು ಸಿಲವಾರ ತಿನ್ನದು, ಅದನ್ನು ತರೋವರೆಗೆ ಒಲೆ ಹಚ್ಚಬೇಡ ಅಂದೆ. ಅವನು ಆರಿದ ಬಾಂಡ್ಲಿಯನ್ನು ಮಗುಚಿ ಬೆರಳಲ್ಲಿ ಬಡಿದು ನೋಡಿದ. ಆ ಸದ್ದು ಕೇಳಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಾರನೇ ದಿನ ಹಿಂದೂಪುರದ ಬಸ್ಸು ಹತ್ತಿದೆ. ಅಣ್ಣಯ್ಯ ಈಗ ಅಲ್ಲೇ ಮಗಳ ಮನೆಯಲ್ಲಿ ಇದ್ದಾನೆ. ಮುಂಚೆ ಕಲ್ಯಾಣದುರ್ಗ ಹಿಂದೂಪುರ ಎರಡೂ ಅನಂತಪುರ ಜಿಲ್ಲೆಯೇ. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಹಾಗಾಗಿ ಅವನು ಬೇರೆ ಜಿಲ್ಲೆಯವನು ಅಂತ ನಾನು ಸುಮ್ಮನೆ ರೇಗಿಸುತ್ತಿರುತ್ತೇನೆ. ಅವತ್ತು ರೇಗಿಸಲಿಲ್ಲ. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ.

“ಅಣ್ಣಯ್ಯ, ಅವತ್ತು ಬೆಳಿಗ್ಗೆ ಮೂಸೆ ಬಡ್ದಾಗ ಒಂದು ಕಡೆ ದನಿ ಸತ್ತೋಗಿತ್ತು. ನಂಗೆ ಕೇಳಿಸ್ತು. ಸುಣ್ಣಾನೂ ಸರಿಯಾಗಿ ಬಳ್ದಿರ್ಲಿಲ್ಲ. ಹೇಳ್ಲಿಲ್ಲ ನಾನು.”

ಎಲೆ ಮಡಿಸಿ ಬಾಯಿಗಿಟ್ಟುಕೊಂಡ. ಅಗಿದ.

“ನಂಗೂ ಕೇಳಿಸಿತ್ತು ಕಣೋ ತಮ್ಮಾ” ಅಂದ. “ರಾತ್ರಿಯೆಲ್ಲಾ ಒಂದೇ ಶ್ರುತೀಲಿ ಇದ್ದು ಬಂದೋರು ಇಬ್ರೂ. ನಿಂಗೆ ಕೇಳಿಸಿದ್ದು ನಂಗೆ ಕೇಳಿಸ್ದೆ ಇರ್ತೈತಾ?”

“ಮತ್ತೆ ಯಾಕೆ ಸುಮ್ಕಿದ್ದೆ?”

“ಶನಿವಾರ ಬಟವಾಡೆ ಇತ್ತಲ್ಲ.”

ಮೂವತ್ತೆಂಟು ವರ್ಷ ಇದನ್ನು ನಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡಿದ್ದೆ. ಏನು ಮಾತಾಡಬೇಕೋ ತಿಳಿಯದೆ ಹುಡುಗನ ಬಾಂಡ್ಲಿ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವನು ಕೇಳಿದ್ದು ಒಂದೇ.

“ನೀರಿನ ವಿಷಯ ಹೇಳ್ದಾ ಆ ಹುಡುಗಂಗೆ?”

ಹೇಳಿರಲಿಲ್ಲ. ಕಬ್ಬಿಣದ ಮೇಲೇ ಅಷ್ಟು ಹೊತ್ತು ಮಾತಾಡಿ, ಅಣ್ಣಯ್ಯನ ಕಾಲು ಸುಟ್ಟದ್ದು ನೀರಿನಿಂದ ಅನ್ನೋದನ್ನೇ ಬಿಟ್ಟಿದ್ದೆ.

“ಓಗು ಮತ್ತೆ, ಐದು ಗಂಟೆ ಬಸ್ಸು ಸಿಕ್ತೈತೆ” ಅಂದ. ಊಟಕ್ಕೂ ನಿಲ್ಲಿಸಿಕೊಳ್ಳಲಿಲ್ಲ.

ಊರು ಸೇರಿದಾಗ ಕತ್ತಲೆ. ಮನೆಗೆ ಹೋಗದೆ ನೇರ ಆ ಹಿತ್ತಿಲಿಗೆ ಹೋದೆ. ಟಾರ್ಚು ಬಿಟ್ಟು ನೋಡಿದರೆ, ಒಲೆ ಹೂಡಿದ್ದ ಜಾಗದಿಂದ ಮೂರು ಮಾರು ದೂರದಲ್ಲಿ ಬಚ್ಚಲ ನೀರು ಹರಿಯುವ ಕಾಲುವೆ, ನೆಲವೆಲ್ಲಾ ಹಸಿ. ಹುಡುಗನನ್ನು ಎಬ್ಬಿಸಿದೆ. ಆ ರಾತ್ರಿಯೇ ಇಬ್ಬರೂ ಸೇರಿ ಮೂರು ಕಲ್ಲನ್ನೂ ಎತ್ತಿ ದನದ ಕೊಟ್ಟಿಗೆಯ ಆಚೆ ದಿಬ್ಬದ ಮೇಲಿಟ್ಟೆವು. ಅಲ್ಲಿ ಹಾಸೋಕೆ ಒಣ ಮರಳು ಬೆಳಿಗ್ಗೆ ನಾನೇ ಗಾಡಿಯಲ್ಲಿ ತಂದು ಹಾಕಿದೆ.